ಚಿತ್ರ ತಿದ್ದುವ ಕೈ, ಸತ್ಯ ಕಾಯುವ ಮನಸ್ಸು

ನಿಮ್ಮ ಮನೆಯ ಮಕ್ಕಳು ಕಂಪ್ಯೂಟರಿನಲ್ಲಿ ಫೋಟೋ ತಿದ್ದಲು ಕಲಿಯುತ್ತಿರಬಹುದು. 1996ರಲ್ಲಿ ಹೊರಬಂದ ಗಿಂಪ್ ಎಂಬ ತಂತ್ರಾಂಶ ಇಂದಿಗೂ ಉಚಿತವಾಗಿ ಸಿಗುತ್ತದೆ. ಅಂಚು ಕತ್ತರಿಸುವುದನ್ನೂ ಬೆಳಕು ಹೆಚ್ಚಿಸುವುದನ್ನೂ ಹೊಸಬರು ಅದರಲ್ಲಿ ಬೇಗ ಕಲಿಯುತ್ತಾರೆ. ಮೊದಲ ಪರಮಪ್ರಸಾದ ಸ್ವೀಕರಿಸಿದ ಮಗುವಿನ ಮುಖ ದೇವಾಲಯದ ಮಬ್ಬಿನಲ್ಲಿ ಕಾಣದಿದ್ದರೆ, ಬೆಳಕು ಹೆಚ್ಚಿಸುವುದು ತಪ್ಪೇ? ಅಲ್ಲ. ಇದ್ದದ್ದೇ ಸ್ಪಷ್ಟವಾಗುತ್ತದೆ.

ಅದೇ ತಂತ್ರಾಂಶದಲ್ಲಿ ‘ಹೀಲ್’ ಎಂಬ ಉಪಕರಣವಿದೆ. ವಾಸಿಮಾಡು ಎಂದು ಅದರರ್ಥ. ಪಕ್ಕದ ಚರ್ಮದ ಬಣ್ಣ ತಂದು ಕಲೆಯ ಮೇಲೆ ಹೊಂದಿಸುತ್ತದೆ. ಮೊಡವೆ ಮರೆಯಾದರೆ ಯಾರಿಗೂ ನಷ್ಟವಿಲ್ಲ. ಆದರೆ ಮದುವೆಯ ಸಂಬಂಧಕ್ಕೆ ಕಳುಹಿಸುವ ಫೋಟೋದಲ್ಲಿ ಮುಖವನ್ನೇ ಬದಲಿಸಿದರೆ? ಆಸ್ತಿಯ ಜಗಳವಾಯಿತೆಂದು ತಮ್ಮನನ್ನು ಕುಟುಂಬದ ಚಿತ್ರದಿಂದ ಅಳಿಸಿದರೆ? ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಎಂಟನೆಯ ಕಟ್ಟಳೆ ನಾಲಿಗೆಯಂತೆ ಕೈಗೂ ಅನ್ವಯಿಸುತ್ತದೆ. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ತಂದು ಟೀಕೆಗೆ ಗುರಿಯಾಯಿತು. ಕಲ್ಲುಗಳನ್ನು ಸರಿಸಿದ್ದಕ್ಕೇ ಅಷ್ಟು ಆಕ್ಷೇಪವಾದರೆ, ಒಡಹುಟ್ಟಿದವನನ್ನು ಸರಿಸಿದರೆ ಏನೆನ್ನೋಣ?

ಪುನರುತ್ಥಾನರಾದ ಯೇಸುಸ್ವಾಮಿ ತಮ್ಮ ಗಾಯದ ಗುರುತುಗಳನ್ನು ಮರೆಮಾಡಲಿಲ್ಲ. ಸಂತ ತೋಮಾಸರಿಗೆ ಅವನ್ನೇ ತೋರಿಸಿದರು. ಆ ಗುರುತುಗಳಿಂದಲೇ ಶಿಷ್ಯನ ವಿಶ್ವಾಸ ಗಟ್ಟಿಯಾಯಿತು.

ಆದ್ದರಿಂದ ಪ್ರಿಯರೇ, ಚಿತ್ರ ತಿದ್ದಲು ಕಲಿಯಿರಿ, ಮಕ್ಕಳಿಗೂ ಕಲಿಸಿರಿ. ಜೊತೆಗೆ ಈ ಪ್ರಶ್ನೆಯನ್ನೂ ಕಲಿಸಿರಿ: ‘ಇದನ್ನು ನೋಡುವವರು ಮೋಸಹೋಗುವರೇ?’ ತಮ್ಮನ ಮುಖ ಅಳಿಸಬೇಕೆನಿಸಿದ ದಿನ ಕಂಪ್ಯೂಟರನ್ನು ಆರಿಸಿ, ಅವನ ಮನೆಗೆ ಹೋಗಿ ಬನ್ನಿರಿ. ವಾಸಿಯಾಗಬೇಕಾದ ಗಾಯ ಅಲ್ಲಿದೆ.