ಮನದ ಚಿತ್ರವೂ ವಿವೇಕವೂ

ಬ್ಯಾಡಗಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ಬಹುತೇಕರ ಮನಸ್ಸಿನಲ್ಲಿ ಸುಕ್ಕುಗಟ್ಟಿದ ಕಡುಗೆಂಪು ಮೆಣಸಿನಕಾಯಿ ಮೂಡುತ್ತದೆ. ವಸ್ತು ಎದುರಿಗಿಲ್ಲದಿದ್ದರೂ ತೋರುವ ಈ ಮಾನಸ ಚಿತ್ರಕ್ಕೂ ನಮ್ಮ ವಿಚಾರಶಕ್ತಿಗೂ ಇರುವ ಸಂಬಂಧವೇನು? ಚಿತ್ರವೇ ವಿಚಾರವೋ, ವಿಚಾರಕ್ಕೆ ಒದಗುವ ಸಾಧನ ಮಾತ್ರವೋ?

ಚಿತ್ರದ ಉಪಕಾರ ದೊಡ್ಡದು. ಮನೆ ಕಟ್ಟಿಸುವವನು ಬಾಗಿಲನ್ನು ಮೊದಲು ಮನಸ್ಸಿನಲ್ಲೇ ತೆರೆದು ನೋಡುತ್ತಾನೆ. 1971ರಲ್ಲಿ ಅಮೆರಿಕದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಎಂಬ ಮನೋವಿಜ್ಞಾನಿಗಳು, ಬೇರೆ ಬೇರೆ ಕೋನಗಳಲ್ಲಿ ಬರೆದ ಎರಡು ಆಕೃತಿಗಳು ಒಂದೇ ಹೌದೋ ಅಲ್ಲವೋ ಎಂದು ಜನರನ್ನು ಕೇಳಿದರು. ಕೋನದ ಅಂತರ ಹೆಚ್ಚಿದಷ್ಟೂ ಉತ್ತರಕ್ಕೆ ಹಿಡಿದ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚಿತು. ಕೈಯಲ್ಲಿ ವಸ್ತುವನ್ನು ತಿರುಗಿಸುವಂತೆ ಮನಸ್ಸೂ ಆಕೃತಿಯನ್ನು ತಿರುಗಿಸುತ್ತದೆ ಎಂದು ಅವರು ನಿರ್ಣಯಿಸಿದರು.

ಆದರೆ ಚಿತ್ರವಿಲ್ಲದೆ ವಿಚಾರವೇ ಇಲ್ಲವೆನ್ನಲಾಗದು. ಕಣ್ಣು ಮುಚ್ಚಿದರೆ ಹೆತ್ತ ತಾಯಿಯ ಮುಖವೂ ಮೂಡದವರು ಲೋಕದಲ್ಲಿದ್ದಾರೆ. 2015ರಲ್ಲಿ ಇಂಗ್ಲೆಂಡಿನ ನರವೈದ್ಯ ಆಡಮ್ ಝೀಮನ್ ಮತ್ತು ಸಂಗಡಿಗರು ಈ ಸ್ಥಿತಿಗೆ ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಇಂಥವರೂ ಲೆಕ್ಕ ಬಿಡಿಸುತ್ತಾರೆ, ಸಂಸಾರ ತೂಗಿಸುತ್ತಾರೆ, ಪರರ ನೋವಿಗೆ ಮರುಗುತ್ತಾರೆ.

ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕಣ್ಣಿಗೆ ಕಟ್ಟಿದ ನೋವಿಗೆ ಮನಸ್ಸು ಬೇಗ ಕರಗುತ್ತದೆ. ಕಟ್ಟದ ನೋವನ್ನು ಮರೆಯುತ್ತದೆ. ಹಾಗಾದರೆ ಕರುಣೆಯನ್ನು ಚಿತ್ರದ ಬಲಕ್ಕೇ ಒಪ್ಪಿಸಿ ಕೂಡಬಹುದೇ? ನಮ್ಮ ಪರಂಪರೆಯ ಎರಡು ನಿದರ್ಶನಗಳು ಇದಕ್ಕೆ ಉತ್ತರವಾಗಿವೆ.

ಒಂದು, ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತರಿಸಿದ್ದು ಹಿಟ್ಟು; ಸಂಕಲ್ಪದಲ್ಲಿ ಇದ್ದದ್ದು ಜೀವ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಎರಡು, ನೀರು ಗಾಳಿಸುವ ಆಚಾರ. ನೀರಿನ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣವು, ಅವುಗಳ ರೂಪ ಕಲ್ಪನೆಗೂ ನಿಲುಕದು. ಆದರೂ ಶ್ರಾವಕರು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದುದನ್ನು ಜೋಪಾನವಾಗಿ ಮೂಲ ನೀರಿಗೇ ಬಿಡುತ್ತಾರೆ. ಮೊದಲನೆಯದರಲ್ಲಿ ರೂಪವಿತ್ತು, ಜೀವವಿರಲಿಲ್ಲ; ಎರಡನೆಯದರಲ್ಲಿ ಜೀವವಿದೆ, ರೂಪವಿಲ್ಲ. ಎರಡರಲ್ಲೂ ಪಾಪಪುಣ್ಯವನ್ನು ತೂಗಿದ್ದು ಕಂಡ ರೂಪವಲ್ಲ. ಒಳಗಿನ ಭಾವ ಮತ್ತು ವಿವೇಕ.

ಇದು ನಮ್ಮ ನಿತ್ಯದ ನಿರ್ಧಾರಗಳಿಗೂ ಸಲ್ಲುವ ಮಾತು. ಬಸದಿಗೆ ಹೊಸ ಸಭಾಭವನ ಬೇಕೆಂದು ಸಮಿತಿ ಸೇರಿದಾಗ, ಎಲ್ಲರ ಮನಸ್ಸಿನಲ್ಲೂ ಭವ್ಯ ಕಟ್ಟಡವೇ ಮೂಡುತ್ತದೆ. ಅಡಿಪಾಯದ ಮಣ್ಣಿನಲ್ಲಿರುವ ಜೀವಿಗಳು, ಬೇಸಿಗೆಯಲ್ಲಿ ಬತ್ತುವ ಬಾವಿ, ಕಲ್ಲು ಹೊರುವ ಕೂಲಿಯವಳ ಕೂಸು ಆ ಚಿತ್ರದಲ್ಲಿ ಇರುವುದಿಲ್ಲ. ಚಿತ್ರ ಸುಂದರವಾದಷ್ಟೂ ಈ ಮರೆವು ಆಳವಾಗುತ್ತದೆ. ಚಿತ್ರವನ್ನು ಬಿಡಬೇಕಿಲ್ಲ, ಅದರಲ್ಲಿ ಬಿಟ್ಟುಹೋದದ್ದೇನು ಎಂದು ಕೇಳಿಕೊಂಡ ಬಳಿಕವೇ ಸಹಿ ಹಾಕಬೇಕು. ಕಾಣದುದಕ್ಕೂ ಲೆಕ್ಕ ಕೊಡುವ ಮನಸ್ಸಿನಲ್ಲಿ ಅಹಿಂಸೆ ನೆಲೆ ನಿಲ್ಲುತ್ತದೆ.