ಮಂಗಳವಾದ್ಯವಾದ ಸ್ಯಾಕ್ಸೊಫೋನ್

ದೇವರ ಮುಂದೆ ನುಡಿಯುವ ವಾದ್ಯಕ್ಕೆ ಯೋಗ್ಯತೆ ಬರುವುದು ಅದರ ಹುಟ್ಟಿನಿಂದಲೋ, ನುಡಿಸುವವರ ಸಾಧನೆಯಿಂದಲೋ? ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಎದುರಿಗೆ ತಂದಿಟ್ಟದ್ದು ಸ್ಯಾಕ್ಸೊಫೋನ್. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಸೇನೆಯ ಬ್ಯಾಂಡುಗಳಲ್ಲಿ ಬಳಕೆಗೆ ಬಂದು, ಅಮೆರಿಕದ ಜಾಝ್ ತಂಡಗಳಿಂದ ಲೋಕಪ್ರಸಿದ್ಧವಾಯಿತು. ಇಂದು ದಕ್ಷಿಣ ಕನ್ನಡದ ಎಷ್ಟೋ ದೇವಸ್ಥಾನಗಳ ಉತ್ಸವಗಳಲ್ಲಿ ಅದು ನಾಗಸ್ವರದ ಜಾಗದಲ್ಲಿ ನಿಂತಿದೆ.

ಇದಕ್ಕೆ ಮುಖ್ಯ ಕಾರಣ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ಮೊದಲು ಕಲಿತದ್ದು ತಂದೆ ತನಿಯಪ್ಪನವರಿಂದ ನಾಗಸ್ವರ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಅವರಿಗೆ ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು. ಎದುರಾದ ತೊಡಕು ಸಣ್ಣದಲ್ಲ. ನಾಗಸ್ವರದಲ್ಲಿ ಬೆರಳು ರಂಧ್ರವನ್ನೇ ಮುಟ್ಟುತ್ತದೆ. ಅರ್ಧ ಮುಚ್ಚಿ, ಉಸಿರನ್ನು ಹದಗೊಳಿಸಿ ಗಮಕ ತೆಗೆಯಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಗೋಪಾಲನಾಥ್ ವಾದ್ಯದಲ್ಲೇ ಮಾರ್ಪಾಟು ಮಾಡಿ, ವರ್ಷಗಟ್ಟಲೆ ಸಾಧಿಸಿ, ಅದರಿಂದ ರಾಗದ ಜಾರು, ಕಂಪಿತಗಳನ್ನು ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು.

ವಿದೇಶಿ ವಾದ್ಯ ಗುಡಿಗೆ ಸಲ್ಲದು ಎಂಬ ಆಕ್ಷೇಪಕ್ಕೆ ಶಾಸ್ತ್ರದ ಬೆಂಬಲ ಹುಡುಕುವುದು ಕಷ್ಟ. ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ವಿಂಗಡಿಸುವುದು ನಾದ ಹುಟ್ಟುವ ಬಗೆಯನ್ನು ನೋಡಿ. ವಾದ್ಯ ಯಾವ ದೇಶದ್ದು ಎಂದು ಅಲ್ಲ. ಉಸಿರಿನಿಂದ ನುಡಿಯುವ ನಾಗಸ್ವರವೂ ಸ್ಯಾಕ್ಸೊಫೋನೂ ಸುಷಿರವೇ. ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯಾಗಿಸೆಂದು ಶಿವನನ್ನು ಬೇಡುವಾಗಲಂತೂ ವಾದ್ಯದ ಕುಲದ ಮಾತೇ ಇಲ್ಲವಾಗುತ್ತದೆ.

ವಾದ್ಯದ ಹುಟ್ಟಿಗಿಂತ ಅರ್ಪಣೆ ದೊಡ್ಡದು ಎಂಬುದಕ್ಕೆ ಹೋಲಿಕೆಯೊಂದಿದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಭಕ್ತರು ನಂಬುತ್ತಾರೆ. ಅರ್ಪಿಸಿದ ವಸ್ತು ಅರ್ಪಣೆಯಿಂದಲೇ ಬೇರೊಂದಾಗುತ್ತದೆ ಎಂಬ ಭಾವ ಆ ನಂಬಿಕೆಯಲ್ಲಿದೆ. ಸಂಗೀತಕ್ಕೂ ಇದು ಒಪ್ಪುತ್ತದೆ, ಆದರೆ ಅರ್ಪಿಸುವ ತುಪ್ಪ ಶುದ್ಧವಾಗಿರಬೇಕು. ರಾಗ ಕೆಡಿಸಿ ನುಡಿಸಿದರೆ ನಾಗಸ್ವರವೂ ಸೇವೆಯಾಗದು.

ಅದೇ ವಾದ್ಯ, ಅದೇ ವಾದಕ ಗುಡಿಯ ಹೊರಗೆ ಏನಾಗುತ್ತಾರೆ ಎಂಬುದಕ್ಕೆ 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಒಳ್ಳೆಯ ನಿದರ್ಶನ. ಕರ್ನಾಟಕ ಮೂಲದ ಕುಟುಂಬದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ, ಗೋಪಾಲನಾಥ್ ಜೊತೆ ಏಳು ಮಂದಿಯ ತಂಡ ಕಟ್ಟಿದರು. ಎರಡು ಆಲ್ಟೊ ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ. ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್. ಈ ಧ್ವನಿಮುದ್ರಿಕೆಯಲ್ಲಿ ‘ಗಣೇಶ’ ಎಂಬ ರಚನೆಯೂ ಇದೆ. ಹೆಸರು ದೇವರದಾದ ಮಾತ್ರಕ್ಕೆ ಅದು ಪೂಜೆಯಲ್ಲ. ರಾಗವೂ ಜಾಝ್ ಮನೋಧರ್ಮವೂ ಸರಿಸಮನಾಗಿ ಮಾತಾಡಿದ ಉತ್ತಮ ಸಂಗೀತ, ಅದನ್ನು ಹಾಗೆಯೇ ಕೇಳಬೇಕು.

ಸ್ಯಾಕ್ಸೊಫೋನಿನ ವಿರುದ್ಧ ನಿಲ್ಲುವ ಆಕ್ಷೇಪ ಒಂದೇ: ಅದರಿಂದ ಓಲಗದ ಮನೆತನಗಳ ಅನ್ನಕ್ಕೆ ಕುತ್ತು ಬರಬಾರದು. ಹೊಸ ವಾದ್ಯವನ್ನು ಕರೆಯುವ ದೇವಸ್ಥಾನಗಳು ನಾಗಸ್ವರದವರನ್ನೂ ಉಳಿಸಿಕೊಳ್ಳಬೇಕು.