ಧ್ವನಿ ಕೊಟ್ಟವನನ್ನು ಮರೆಯದಿರೋಣ

ನನ್ನ ಬಳಿ ಮದ್ರಸದಲ್ಲಿ ಕಲಿತ ಯುವಕನೊಬ್ಬ ಈಗ ಬೆಂಗಳೂರಿನಲ್ಲಿ ಉದ್ಯೋಗಿ. ರಜೆಯಲ್ಲಿ ಊರಿಗೆ ಬಂದಾಗ ಸಂಕೋಚದಿಂದಲೇ ಒಂದು ವಿಷಯ ತಿಳಿಸಿದ. ವಾರಕ್ಕೊಮ್ಮೆ ಅವನು ಪಬ್ಬೊಂದರ ‘ಓಪನ್ ಮೈಕ್’ ಕಾರ್ಯಕ್ರಮದಲ್ಲಿ ಹಾಡುತ್ತಾನೆ. ಅಲ್ಲಿ ಯಾರು ಬೇಕಾದರೂ ಹೆಸರು ಬರೆಸಬಹುದು. ಸರದಿ ಬಂದಾಗ ಐದು ಹತ್ತು ನಿಮಿಷ ಹಾಡಬಹುದು.

“ಉಸ್ತಾದ್, ನಾನು ಕುಡಿಯುವುದು ಲಿಂಬೆ ಶರಬತ್ತು ಮಾತ್ರ. ಹೋಗುವುದು ಹಾಡಲಿಕ್ಕೆ. ಅದರಲ್ಲೇನು ತಪ್ಪು?” ಎಂದ.

“ಹಾಡಿದ್ದಕ್ಕೆ ಏನು ಕೊಡುತ್ತಾರೆ?” ಎಂದು ಕೇಳಿದೆ.

“ಏನೂ ಇಲ್ಲ.”

“ಹಾಗಾದರೆ ಆ ಮೈಕಿನ, ದೀಪದ ಖರ್ಚು ಎಲ್ಲಿಂದ ಬರುತ್ತದೆ?”

ಅವನು ಮೌನವಾದ. ಗಿರಾಕಿಗಳು ಕಡಿಮೆಯಿರುವ ದಿನ ಜನರನ್ನು ಸೆಳೆಯಲು ಇಂಥ ಸಂಜೆಗಳನ್ನು ಏರ್ಪಡಿಸುವುದುಂಟು. ಹಾಡುವವನ ಜೊತೆ ಗೆಳೆಯರು ಬರುತ್ತಾರೆ. ಅವರು ಕುಳಿತಷ್ಟು ಹೊತ್ತು ಮದ್ಯ ಮಾರಾಟವಾಗುತ್ತದೆ. ಹಾಡು ಅವನದು, ಲಾಭ ಮದ್ಯದ್ದು.

ಸಹೋದರರೇ, ಮದ್ಯವು ಶೈತಾನನ ಹೊಲಸು ಕೃತ್ಯವೆಂದೂ ಅದರ ಮೂಲಕ ಅವನು ನಮ್ಮನ್ನು ದೇವಸ್ಮರಣೆ ಮತ್ತು ನಮಾಝ್‌ನಿಂದ ತಡೆಯ ಬಯಸುತ್ತಾನೆಂದೂ ಪವಿತ್ರ ಕುರ್‌ಆನಿನ ‘ಅಲ್ ಮಾಇದ’ ಅಧ್ಯಾಯ (5: 90-91) ಎಚ್ಚರಿಸಿದೆ. ಪ್ರವಾದಿವರ್ಯರು(ಸ) ಕುಡಿಯುವವನನ್ನು ಮಾತ್ರವಲ್ಲ, ಅದನ್ನು ಹೊರುವವನನ್ನೂ ಬಡಿಸುವವನನ್ನೂ ಮಾರುವವನನ್ನೂ ಶಪಿಸಿದ್ದಾರೆ. ಮದ್ಯ ಹಂಚುವ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನೇ ವಿರೋಧಿಸಿದ್ದಾರೆ. ಲಿಂಬೆ ಶರಬತ್ತು ಇದಕ್ಕೆ ಉತ್ತರವಾದೀತೇ?

ಮದ್ಯ ನಿಷೇಧದ ಘೋಷಣೆ ಮದೀನದ ಬೀದಿಯಲ್ಲಿ ಕೇಳಿಬಂದಾಗ ಹ. ಅಬೂ ತಲ್ಹಾ(ರ)ರ ಮನೆಯಲ್ಲಿ ಹ. ಅನಸ್(ರ) ಮದ್ಯ ಬಡಿಸುತ್ತಿದ್ದರು. ಯಾರೂ ವಾದಿಸಲಿಲ್ಲ. ಎಲ್ಲವನ್ನೂ ಹೊರಗೆ ಚೆಲ್ಲಿದರು. ಒಂದು ಧ್ವನಿ ಆ ಕೂಟವನ್ನು ಮುಗಿಸಿತು. ನಮ್ಮ ಧ್ವನಿ ಅಂಥ ಕೂಟವನ್ನು ಮುಂದುವರಿಸಲು ಬಳಕೆಯಾಗುವುದು ಎಂಥ ವಿಪರ್ಯಾಸ!

ಇಸ್ಲಾಮ್ ಇಂಪಾದ ಕಂಠದ ವೈರಿಯೇನಲ್ಲ. ಹ. ಅಬೂ ಮೂಸಾ(ರ)ರ ಕುರ್‌ಆನ್ ಪಾರಾಯಣ ಕೇಳಿದ ಪ್ರವಾದಿವರ್ಯರು(ಸ), ಅದನ್ನು ದಾವೂದ್(ಅ)ರ ಮನೆತನದ ಮಧುರ ಸ್ವರಕ್ಕೆ ಹೋಲಿಸಿದರು. ಕವಿ ಹ. ಹಸ್ಸಾನ್(ರ)ರಿಗಾಗಿ ಮಸೀದಿಯಲ್ಲೇ ಪೀಠವನ್ನಿರಿಸಿದರು. ವಾದ್ಯಗಳ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ, ಬಹುಮಂದಿ ಅವನ್ನು ನಿಷಿದ್ಧವೆಂದಿದ್ದಾರೆ. ಆದರೆ ಮದ್ಯದ ಕೂಟದ ಕುರಿತು ಚರ್ಚೆಗೆಲ್ಲಿ ಅವಕಾಶ?

ಇಷ್ಟನ್ನೂ ಅವನು ತಲೆಬಾಗಿಸಿ ಕೇಳಿದ. ಕೊನೆಗೆ ಹೇಳಿದ: “ನೀವು ಹೇಳಿದ್ದು ಸರಿ, ಉಸ್ತಾದ್. ಆದರೆ ಅಲ್ಲಿ ನಾನು ಹಾಡಿದರೆ ಕಿವಿಗೊಟ್ಟು ಕೇಳುತ್ತಾರೆ. ಊರಲ್ಲಿ ಕೇಳಿದವರು ಯಾರು?”

ನನ್ನ ಬಳಿ ಉತ್ತರವಿರಲಿಲ್ಲ. ಬಾಲ್ಯದಲ್ಲಿ ಮೀಲಾದ್ ಸಭೆಗಳಲ್ಲಿ ಅವನೇ ಹಾಡುತ್ತಿದ್ದ. ಮೀಸೆ ಮೂಡಿದ ಮೇಲೆ ಯಾರೂ ಕರೆಯಲಿಲ್ಲ. ಅವನ ಉಸ್ತಾದನಾದ ನಾನೂ ಕರೆಯಲಿಲ್ಲ. ನಾವು ಬಾಗಿಲು ತೆರೆಯದಿದ್ದಾಗ ಪಬ್ಬಿನವನು ತೆರೆದ. ಅವನ ತಪ್ಪು ಇದರಿಂದ ತಪ್ಪಲ್ಲವೆಂದಾಗದು. ಆದರೆ ನಮ್ಮ ಪಾಲನ್ನೂ ಅಲ್ಲಾಹನು ವಿಚಾರಿಸದೆ ಬಿಡುವನೇ?

ಅಂದು ಇಶಾ ನಮಾಝಿನ ಬಳಿಕ ಅವನಿಂದ ಕುರ್‌ಆನ್ ಓದಿಸಿದೆ. ಚಪ್ಪಲಿ ಮೆಟ್ಟಲು ಹೊರಟಿದ್ದ ಹಿರಿಯರು ಮರಳಿ ಬಂದು ಕುಳಿತರು. ಅವನು ನನಗೆ ಯಾವ ಮಾತನ್ನೂ ಕೊಟ್ಟಿಲ್ಲ. ನಾನೂ ಒತ್ತಾಯಿಸಲಿಲ್ಲ.

ತಂದೆ ತಾಯಂದಿರೇ, ಜಮಾಅತಿನ ಹೊಣೆಗಾರರೇ, ನಿಮ್ಮ ಮಕ್ಕಳ ಕಂಠವನ್ನು ಮೊದಲು ನೀವು ಕೇಳಿರಿ. ಧ್ವನಿ ಕೊಟ್ಟವನು ಮೆಚ್ಚುವ ಕಡೆ ಆ ಧ್ವನಿ ಮೊಳಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.